ವಿಜಯಾ ಎಣ್ಣೆ ತೆಗೆದುಕೊಳ್ಳುವವರು ಕಾರು ಓಡಿಸಬಹುದೇ?

ಪ್ರಶ್ನೆ: ನಮ್ಮ ಯಜಮಾನರಿಗೆ 61 ವರ್ಷ. ಕ್ಯಾನ್ಸರ್ ಚಿಕಿತ್ಸೆ ಮುಗಿದರೂ ನೋವು ಹೋಗಿಲ್ಲ. ಉಡುಪಿಯ ಆಯುರ್ವೇದ ವೈದ್ಯರೊಬ್ಬರು ವಿಜಯಾ ಎಣ್ಣೆ ಬರೆದುಕೊಟ್ಟಿದ್ದಾರೆ, ರಾತ್ರಿ ನಾಲಗೆಯಡಿ ಕೆಲವು ಹನಿ. ಬೆಳಿಗ್ಗೆ ಅವರೇ ಕಾರು ಓಡಿಸಿಕೊಂಡು ಮಂಗಳೂರಿಗೆ ಹೋಗುತ್ತಾರೆ. ಅದು ಗಾಂಜಾ ಗಿಡದ ಎಲೆಯದ್ದೆಂದು ಮೊನ್ನೆಯಷ್ಟೇ ಗೊತ್ತಾಯಿತು. ಸುರತ್ಕಲ್ ಹತ್ತಿರ ಪೊಲೀಸರು ನಿಲ್ಲಿಸಿದರೆ ಚೀಟಿ ತೋರಿಸಿದರೆ ಸಾಕಲ್ಲವೇ? ಅಮೆರಿಕದ ಕೊಲರಾಡೊದಲ್ಲಿರುವ ಮಗ ಅಲ್ಲಿ ರೋಗಿಗಳಿಗೆ ಕಾರ್ಡ್ ಇದೆ, ಬರುವಾಗ ಗಾಂಜಾ ಗಮ್ಮಿ (ಅಗಿಯುವ ಮಿಠಾಯಿ) ತರುತ್ತೇನೆ ಅನ್ನುತ್ತಾನೆ.
– ಹೆಸರು ಬೇಡ, ಕಾಪು

ವಕೀಲರ ಉತ್ತರ: ಮೊದಲು ಮಗನಿಗೆ ಫೋನ್ ಮಾಡಿ, ಗಮ್ಮಿ ತರಬೇಡ ಎನ್ನಿ. ಅಲ್ಲಿನ ಕಾರ್ಡು ಬಜ್ಪೆ ವಿಮಾನ ನಿಲ್ದಾಣದ ಕಸ್ಟಮ್ಸ್ ಮುಂದೆ ನಡೆಯುವುದಿಲ್ಲ. ಅದು ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ವಸ್ತು ಕಾಯ್ದೆಯ ಪ್ರಕರಣವಾಗುತ್ತದೆ. ಅಷ್ಟೇಕೆ, ಕೊಲರಾಡೊದಲ್ಲೇ ಸ್ಟೀರಿಂಗ್ ಹಿಡಿದವನಿಗೆ ಆ ಕಾರ್ಡು ರಕ್ಷಣೆಯಲ್ಲ. ರಕ್ತದ ಒಂದು ಮಿಲಿಲೀಟರಿನಲ್ಲಿ ಟಿಎಚ್‌ಸಿ (ಗಾಂಜಾದಲ್ಲಿ ಅಮಲೇರಿಸುವ ಅಂಶ) 5 ನ್ಯಾನೋಗ್ರಾಂ ಇದ್ದರೆ ಚಾಲಕ ಅಮಲಿನಲ್ಲಿದ್ದನೆಂದು ಜ್ಯೂರಿ ಭಾವಿಸಬಹುದು.

ಇನ್ನು ನಿಮ್ಮವರ ಬಾಟಲಿ. 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎನ್ನುವುದು ಹೂವಿನ ತುದಿಗೆ; ತುದಿಯ ಜೊತೆಗಿಲ್ಲದ ಎಲೆ, ಬೀಜ ಅದರಲ್ಲಿ ಸೇರಿಲ್ಲ. ಎಲೆಯ ಔಷಧಕ್ಕೆ ಆಯುಷ್ ಪರವಾನಗಿ ಸಿಗುವುದು ಈ ದಾರಿಯಲ್ಲೇ. ಲೇಬಲ್ ಮೇಲೆ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ವೈದ್ಯರ ನಿಗಾದಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಇವೆಯೇ ನೋಡಿ. ಇಲ್ಲದಿದ್ದರೆ ಆ ಬಾಟಲಿ ಮನೆಯಲ್ಲಿರುವುದೇ ಬೇಡ.

ಚೀಟಿ ಉತ್ತರಿಸುವುದು ‘ಇದು ಎಲ್ಲಿಂದ ಬಂತು’ ಎಂಬುದಕ್ಕೆ ಮಾತ್ರ. ‘ಹೇಗೆ ಓಡಿಸುತ್ತಿದ್ದಿರಿ’ ಎನ್ನುವುದು ಬೇರೆ ಕಾಯ್ದೆಯ ಪ್ರಶ್ನೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಲ್ಲಿ ಮದ್ಯಕ್ಕೆ ಲೆಕ್ಕವಿದೆ, 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಅಮಲು ಪದಾರ್ಥಕ್ಕೆ ಅಂಥ ಲೆಕ್ಕವಿಲ್ಲ. ವಾಹನದ ಮೇಲೆ ಹಿಡಿತ ಇಲ್ಲದಷ್ಟು ಪ್ರಭಾವ ಇತ್ತೇ ಎಂಬುದಷ್ಟೇ ಪ್ರಶ್ನೆ. ವೈದ್ಯರು ಬರೆದುಕೊಟ್ಟ ಔಷಧ ಎಂಬ ವಿನಾಯಿತಿ ಆ ಕಲಮಿನಲ್ಲಿಲ್ಲ. ಮೊದಲ ಸಲ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಎರಡನೇ ಸಲಕ್ಕೆ ಎರಡು ವರ್ಷದವರೆಗೆ, 15,000 ರೂಪಾಯಿ. ವಾರಂಟ್ ಇಲ್ಲದೆ ಬಂಧಿಸಬಹುದು; ಆದರೆ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ತಪಾಸಣೆ ಆಗದಿದ್ದರೆ ಬಿಡಬೇಕು. ಕಾರಣವಿಲ್ಲದೆ ಪರೀಕ್ಷೆಗೆ ಒಲ್ಲೆ ಎಂದರೆ ಆ ನಿರಾಕರಣೆಯೇ ವಿರುದ್ಧದ ಸಾಕ್ಷ್ಯ.

ಬ್ರೆತ್ ಅನಲೈಸರ್ ಹಿಡಿಯುವುದು ಮದ್ಯವನ್ನು ಮಾತ್ರ, ಹಾಗಾಗಿ ಊದಿದರೆ ನಿಮ್ಮವರಿಗೆ ಏನೂ ಆಗದು. ನಿಜವಾದ ತೊಡಕು ಮೂತ್ರ ಪರೀಕ್ಷೆಯದ್ದು. ಟಿಎಚ್‌ಸಿ ಕೊಬ್ಬಿನಲ್ಲಿ ಕೂರುತ್ತದೆ. ದಿನವೂ ತೆಗೆದುಕೊಳ್ಳುವವರ ಮೂತ್ರದಲ್ಲಿ ಅದರ ಕುರುಹು ವಾರಗಟ್ಟಲೆ ಕಾಣಿಸಬಹುದು. ಮೂತ್ರ ಪರೀಕ್ಷೆಯ ಪಟ್ಟಿಗೆ ಎಲೆಯ ಎಣ್ಣೆ, ಬೀಡಿಯೊಳಗಿನ ಗಾಂಜಾ ಎರಡೂ ಒಂದೇ. ‘ಗಾಂಜಾ ಸೇವನೆ ದೃಢ’ ಎಂಬ ಸುದ್ದಿ ನಮ್ಮ ಕರಾವಳಿಯ ಪತ್ರಿಕೆಗಳಿಗೆ ಹೊಸತಲ್ಲ. ಆ ಹಂತದಲ್ಲಿ ಚೀಟಿ, ಬಿಲ್ಲು, ಲೇಬಲ್ ಇರುವ ಬಾಟಲಿ ಕಾರಿನಲ್ಲೇ ಇರಲಿ. ಪೊಲೀಸರು ಏನೂ ಕೇಳುವ ಮೊದಲೇ ನಿಮ್ಮವರು ‘ನಾನೇನೂ ತೆಗೆದುಕೊಂಡಿಲ್ಲ’ ಎಂದುಬಿಟ್ಟರೆ ಆಮೇಲೆ ತೋರಿಸಿದ ಚೀಟಿಗೆ ಬೆಲೆ ಕಡಿಮೆ. ಇದ್ದದ್ದು ಇದ್ದ ಹಾಗೆ ಹೇಳಲಿ.

ಪೊಲೀಸರಿಗಿಂತ ನನಗೆ ಭಯ ಅಪಘಾತದ್ದು. ಅಮಲಿನಲ್ಲಿ ಓಡಿಸಿದ್ದೆಂದು ಕಂಡರೆ ನಿಮ್ಮ ಕಾರಿನ ರಿಪೇರಿ ಹಣ ಕೊಡಲು ವಿಮಾ ಕಂಪನಿ ಒಪ್ಪುವುದಿಲ್ಲ. ಯಾರಾದರೂ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆ ಇದೆ. ವೈದ್ಯರ ಬಳಿ ಹೋಗಿ, ಎಷ್ಟು ಹನಿ, ಯಾವ ಹೊತ್ತಿಗೆ, ಅದಾದ ಮೇಲೆ ಎಷ್ಟು ಹೊತ್ತು ವಾಹನ ಮುಟ್ಟಬಾರದು ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ. ನೋವಿಗೆ ಬೇರೆ ಮಾತ್ರೆಯೂ ನಡೆಯುತ್ತಿದ್ದರೆ ಅದನ್ನೂ ಹೇಳಿ, ಎರಡೂ ಸೇರಿದರೆ ಮಂಪರು ಹೆಚ್ಚು. ಪ್ರಮಾಣ ಬದಲಾದ ದಿನಗಳಲ್ಲಿ, ಬೆಳಿಗ್ಗೆ ಎದ್ದಾಗ ತಲೆ ಭಾರವೆನಿಸಿದ ದಿನಗಳಲ್ಲಿ ಕಾಪುವಿನಿಂದ ಎಕ್ಸ್‌ಪ್ರೆಸ್ ಬಸ್ ಹಿಡಿಯಲಿ.