ಕೋನ್ ಫಿಲ್ಟರ್ ಹಾಕಿದ ಮೇಲೆ ಬೈಕು ಅರ್ಧ ಆಕ್ಸಿಲರೇಟರ್‌ನಲ್ಲಿ ಮುಗ್ಗರಿಸುತ್ತದೆ, ಏನು ಮಾಡಲಿ?

ನೀವು ಹೇಳಿರುವುದು ಇಷ್ಟು: ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇರುವ 350 ಸಿಸಿ ಬೈಕು. ಏರ್‌ಬಾಕ್ಸ್ (ಗಾಳಿಯ ಫಿಲ್ಟರ್ ಕೂರುವ ಡಬ್ಬಿ) ಪೂರ್ತಿ ಬಿಚ್ಚಿ, ಡಬ್ಬಿಯಿಲ್ಲದೆ ಬಯಲಲ್ಲೇ ಕೂರುವ ಕೋನ್ ಫಿಲ್ಟರ್ ಹಾಕಿಸಿದಿರಿ. ಸದ್ದು ಗಟ್ಟಿಯಾಯಿತು, ಆದರೆ ಅರ್ಧ ಆಕ್ಸಿಲರೇಟರ್‌ನಲ್ಲಿ ಗಾಡಿ ಮುಗ್ಗರಿಸುತ್ತದೆ, ಕೈ ಬಿಟ್ಟಾಗ ಸೈಲೆನ್ಸರ್ ಪಟಪಟ ಅನ್ನುತ್ತದೆ. ಮೇನ್ ಜೆಟ್ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಹಾಯುವ ತೂತಿನ ಬಿಡಿಭಾಗ) ದೊಡ್ಡದು ಹಾಕಿಸಿದರೂ ಸರಿಹೋಗಲಿಲ್ಲ. ಇನ್ನೂ ಟ್ಯೂನ್ ಮಾಡಿಸುವುದೋ, ಹಳೆಯ ಬಾಕ್ಸನ್ನೇ ವಾಪಸ್ ಹಾಕುವುದೋ ಎಂದು ಕೇಳಿದ್ದೀರಿ.

ಬಾಕ್ಸ್ ಇನ್ನೂ ನಿಮ್ಮ ಹತ್ತಿರ ಇದ್ದರೆ ವಾಪಸ್ ಹಾಕಿ, ಅದರೊಳಗೆ ಕೂರುವ ಒಳ್ಳೆಯ ಫಿಲ್ಟರ್ ಹಾಕಿಕೊಳ್ಳಿ ಎಂಬುದೇ ನನ್ನ ಸಲಹೆ. ಕೋನ್ ಫಿಲ್ಟರೇ ಬೇಕೆಂದರೆ ಅದನ್ನೂ ಸರಿಮಾಡಬಹುದು, ಆದರೆ ಕೆಲಸ ಜಾಸ್ತಿ. ನನ್ನ ಗಾಡಿಯಲ್ಲಿ ಇದೇ ತೊಂದರೆ ಬಂದಿತ್ತು. ಮೇನ್ ಜೆಟ್ಟನ್ನು ಒಂದೊಂದೇ ಸೈಜು ಏರಿಸುತ್ತ ಮೂರು ಸೈಜು ದೊಡ್ಡದು ಮಾಡಿದೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಕಪ್ಪು ಹೊಗೆ ಬರತೊಡಗಿತು, ಅರ್ಧದಲ್ಲಿ ಮುಗ್ಗರಿಸುವುದು ಮಾತ್ರ ಹಾಗೇ ಉಳಿಯಿತು. ನಾನು ತಪ್ಪು ಜಾಗಕ್ಕೆ ಕೈ ಹಾಕಿದ್ದೆ.

ಮುಗ್ಗರಿಸುವುದು ಏಕೆಂದು ಮೊದಲು ನೋಡೋಣ. 350 ಸಿಸಿ ಎಂಜಿನ್ 5000 ಆರ್‌ಪಿಎಂನಲ್ಲಿ ನಿಮಿಷಕ್ಕೆ 2500 ಸಲ ಉಸಿರೆಳೆಯುತ್ತದೆ. ಸಿಲಿಂಡರ್ ಪ್ರತಿ ಸಲ ಶೇ. 80ರಷ್ಟು ತುಂಬಿತೆಂದುಕೊಂಡರೂ ನಿಮಿಷಕ್ಕೆ ಸುಮಾರು 700 ಲೀಟರ್ ಗಾಳಿಯಾಯಿತು. ಅದರ ತೂಕ ಸುಮಾರು 840 ಗ್ರಾಂ. ಪೆಟ್ರೋಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ ತೂಕದಲ್ಲಿ 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಬೇಕು. ಶಕ್ತಿ ಚೆನ್ನಾಗಿ ಬರುವುದು ಅದಕ್ಕಿಂತ ಸ್ವಲ್ಪ ರಿಚ್ ಆಗಿ (ಪೆಟ್ರೋಲ್ ಪಾಲು ಹೆಚ್ಚಿದ್ದಾಗ), 13ರ ಆಸುಪಾಸಿನಲ್ಲಿ. ಅಂದರೆ ಆ 840 ಗ್ರಾಂ ಗಾಳಿಗೆ 65 ಗ್ರಾಂ ಪೆಟ್ರೋಲ್ ಸಿಗಬೇಕು.

ಕಾರ್ಬುರೇಟರ್ ಪೆಟ್ರೋಲನ್ನು ತಳ್ಳುವುದಿಲ್ಲ. ಅದರ ಗಂಟಲಲ್ಲಿ ಗಾಳಿಯ ಒತ್ತಡ ಇಳಿದಾಗ ಪೆಟ್ರೋಲ್ ತಾನೇ ಮೇಲೇರುತ್ತದೆ. ಹಳೆಯ ಬಾಕ್ಸು, ಅದರ ಸಣ್ಣ ಮೂತಿ, ಒಳಗಿನ ಪೇಪರ್ ಫಿಲ್ಟರ್ ಎಲ್ಲ ಸೇರಿ ಗಾಳಿಯನ್ನು ಒಂಚೂರು ತಡೆಯುತ್ತಿದ್ದವು, ಆ ತಡೆಯಿಂದಲೂ ಒತ್ತಡ ಇಳಿಯುತ್ತಿತ್ತು. ಜೆಟ್ ಸೈಜು ನಿರ್ಧಾರವಾಗಿರುವುದೇ ಅದನ್ನೆಲ್ಲ ಲೆಕ್ಕಕ್ಕೆ ಹಿಡಿದು. ಈಗ ತಡೆ ಹೋಯಿತು. ಗಾಳಿ ಹೆಚ್ಚಾಯಿತು, ಪೆಟ್ರೋಲನ್ನು ಮೇಲೆಳೆಯುವ ಶಕ್ತಿ ತಗ್ಗಿತು. ಎರಡೂ ಕಡೆಯಿಂದ ಮಿಶ್ರಣ ಲೀನ್ ಆಯಿತು, ಅಂದರೆ ಪೆಟ್ರೋಲ್ ಪಾಲು ಕಡಿಮೆಯಾಯಿತು. ನಿಮ್ಮದು ಗಾಳಿಯ ದಾರಿ ತೆರೆಯುವ ಸ್ಲೈಡ್ ವ್ಯಾಕ್ಯೂಮ್‌ನಿಂದ ಏಳುವ ಸಿವಿ ಕಾರ್ಬುರೇಟರ್ ಆಗಿದ್ದರೆ ಇನ್ನೊಂದು ತಾಪತ್ರಯ ಇದೆ. ಸ್ಲೈಡ್ ಎಷ್ಟು ಏಳಬೇಕೆಂಬುದು ಬಾಕ್ಸಿನೊಳಗಿನ ಶಾಂತ ಗಾಳಿಯ ಒತ್ತಡವನ್ನು ನೆಚ್ಚಿಕೊಂಡಿರುತ್ತದೆ. ಬಯಲಿಗೆ ತೆರೆದ ಕೋನ್ ಫಿಲ್ಟರ್‌ಗೆ ಓಡುವ ಗಾಳಿ ಅಡ್ಡ ಹೊಡೆದಾಗ ಆ ಒತ್ತಡ ಅಲುಗಾಡುತ್ತದೆ, ಜೊತೆಗೆ ಸ್ಲೈಡೂ ಕುಣಿಯುತ್ತದೆ. ಬಾಕ್ಸನ್ನು ವಾಪಸ್ ಹಾಕಿ ಅಂದಿದ್ದಕ್ಕೆ ಇದೇ ದೊಡ್ಡ ಕಾರಣ.

ಇನ್ನು ಜೆಟ್ ವಿಷಯ. ಆಕ್ಸಿಲರೇಟರ್ ಮುಚ್ಚಿದ ಸ್ಥಿತಿಯಿಂದ ಕಾಲು ಭಾಗದವರೆಗೆ ಸಣ್ಣದಾದ ಪೈಲಟ್ ಜೆಟ್‌ದೇ ಕಾರುಬಾರು. ಕಾಲಿನಿಂದ ಮುಕ್ಕಾಲಿನವರೆಗೆ ಮುಖ್ಯವಾಗಿ ನೀಡಲ್, ಅಂದರೆ ಸ್ಲೈಡ್ ಜೊತೆ ಮೇಲೇಳುವ ಮೊನಚು ಕಡ್ಡಿ. ಮೇನ್ ಜೆಟ್ ಪೂರ್ತಿಯಾಗಿ ಮಾತಾಡುವುದು ಮುಕ್ಕಾಲು ದಾಟಿದ ಮೇಲೆ. ನಾವು ದಿನಾ ಓಡಿಸುವುದು ಬಹುಪಾಲು ಅರ್ಧಕ್ಕಿಂತ ಒಳಗೇ. ನೀವು ಹೇಳುವ ತೊಂದರೆ ನೀಡಲ್ ಇರುವ ಜಾಗದ್ದು, ದೊಡ್ಡ ಮೇನ್ ಜೆಟ್ ಅಲ್ಲಿಗೆ ಹೆಚ್ಚೇನೂ ಮಾಡುವುದಿಲ್ಲ.

ಅಂದಾಜಿನ ಮೇಲೆ ಕಾಲು, ಅರ್ಧ ಅಂದುಕೊಂಡರೆ ಮೋಸ ಹೋಗುತ್ತೇವೆ. ಹ್ಯಾಂಡಲ್ ಗ್ರಿಪ್ ಮೇಲೊಂದು, ಪಕ್ಕದ ಸ್ವಿಚ್ ಡಬ್ಬಿಯ ಮೇಲೊಂದು ಬಿಳಿ ಟೇಪು ಅಂಟಿಸಿ, ಪೆನ್ನಿನಲ್ಲಿ ಸೊನ್ನೆ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಗೆರೆ ಎಳೆಯಿರಿ. ನನಗೆ ದಾರಿ ತೋರಿಸಿದ್ದು ಈ ಟೇಪೇ. ಎಲ್ಲಿ ಮುಗ್ಗರಿಸುತ್ತದೆ ಎಂಬುದು ಗೆರೆಯ ಮೇಲೆ ಕಂಡ ದಿನವೇ ನೀಡಲ್ ಬಿಚ್ಚಿದೆ.

ನೀಡಲ್‌ನ ತಲೆಯಲ್ಲಿ ಕ್ಲಿಪ್ ಕೂರುವ ಕಚ್ಚುಗಳಿರುತ್ತವೆ. ಕ್ಲಿಪ್ಪನ್ನು ಒಂದು ಕಚ್ಚು ಕೆಳಕ್ಕೆ ಇಳಿಸಿದರೆ ನೀಡಲ್ ಮೇಲೇಳುತ್ತದೆ, ಮಿಶ್ರಣ ರಿಚ್ ಆಗುತ್ತದೆ. ಇದನ್ನು ಅನೇಕರು ತಿರುಗಾಮುರುಗಾ ಮಾಡಿಕೊಳ್ಳುತ್ತಾರೆ. ಕ್ಲಿಪ್ ಕಚ್ಚೇ ಇಲ್ಲದಿದ್ದರೆ ಅರ್ಧ ಮಿಲಿಮೀಟರ್‌ನ ತೆಳು ವಾಷರ್ ನೀಡಲ್ ತಲೆಯ ಕೆಳಗೆ ಇಟ್ಟು ಎತ್ತಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಬರೆದಿಟ್ಟುಕೊಳ್ಳಿ, ಎಂಜಿನ್ ಬಿಸಿಯಾದ ಮೇಲೆಯೇ ಓಡಿಸಿ ನೋಡಿ.

ಕೈ ಬಿಟ್ಟಾಗಿನ ಪಟಪಟ ಸದ್ದು ಪೈಲಟ್ ಕಡೆಯದು. ಅಲ್ಲಿ ಸ್ಕ್ರೂ ಯಾವ ಕಡೆಗಿದೆ ನೋಡಿಕೊಳ್ಳಿ. ಸ್ಲೈಡ್‌ಗಿಂತ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯ ಸ್ಕ್ರೂ, ಹೊರಕ್ಕೆ ತಿರುಗಿಸಿದರೆ ಲೀನ್ ಆಗುತ್ತದೆ. ಎಂಜಿನ್ ಕಡೆಗಿದ್ದರೆ ಪೆಟ್ರೋಲ್ ಸ್ಕ್ರೂ, ಹೊರಕ್ಕೆ ತಿರುಗಿಸಿದರೆ ರಿಚ್. ಸೈಲೆನ್ಸರ್ ಎಂಜಿನ್‌ಗೆ ಕೂಡುವ ಜಾಗದಲ್ಲಿ ಗ್ಯಾಸ್ಕೆಟ್ ಲೀಕ್ ಇದ್ದರೂ ಇದೇ ಸದ್ದು ಬರುತ್ತದೆ, ಅದನ್ನೂ ಪರೀಕ್ಷಿಸಿ.

ನಿಜ ಹೇಳಬೇಕೆಂದರೆ, ಇದಕ್ಕೆಲ್ಲ ಕೈ ಹಾಕುವ ಮುಂಚೆ ಟ್ಯಾಪೆಟ್ (ವಾಲ್ವ್‌ಗಳ ಸಂದು) ನೋಡಿಸಬೇಕಿತ್ತು, ಹೊಸ ಸ್ಪಾರ್ಕ್ ಪ್ಲಗ್ ಹಾಕಬೇಕಿತ್ತು. ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬೂಟು ಸೀಳಿದ್ದರಂತೂ ಎಷ್ಟು ಜೆಟ್ ಬದಲಿಸಿದರೂ ದಂಡ. ಗಾಡಿ ಸ್ಟಾರ್ಟ್‌ನಲ್ಲಿಟ್ಟು ಆ ಬೂಟಿನ ಸುತ್ತ ನೀರು ಸಿಂಪಡಿಸಿ. ಎಂಜಿನ್ ಸದ್ದು ಬದಲಾದರೆ ಅಲ್ಲಿ ಗಾಳಿ ಕದ್ದು ನುಗ್ಗುತ್ತಿದೆ. ಸುಲಭಕ್ಕೆ ಬೆಂಕಿ ಹತ್ತುವ ಸ್ಪ್ರೇಗಳನ್ನು ಬಿಸಿ ಎಂಜಿನ್ ಮೇಲೆ ಹೊಡೆಯಬೇಡಿ.

ಲೀನ್ ಆದ ಗಾಡಿಯನ್ನು ಹಾಗೇ ದೂರ ಓಡಿಸಬೇಡಿ ಎಂದು ಕಳಕಳಿಯಿಂದ ಹೇಳುತ್ತಿದ್ದೇನೆ. ಹೆಚ್ಚು ಭಾರ ಬಿದ್ದಾಗ ಲೀನ್ ಮಿಶ್ರಣದಲ್ಲಿ ಶಾಖ ಏರುತ್ತದೆ, ಎಂಜಿನ್ ಟಿಣಿಟಿಣಿ ಅನ್ನತೊಡಗುತ್ತದೆ, ಪಿಸ್ಟನ್‌ಗೆ ಪೆಟ್ಟು ಬೀಳುತ್ತದೆ. ಪ್ಲಗ್‌ನ ಪಿಂಗಾಣಿ ಸುಣ್ಣದಂತೆ ಬಿಳುಪಾಗಿದ್ದರೆ ಅಂದೇ ನಿಲ್ಲಿಸಿ. ಇನ್ನೊಂದು ಮಾತು, ಎಂಜಿನ್ ಒಳಗಿನ ಆವಿಯನ್ನು ಬಾಕ್ಸಿಗೆ ಒಯ್ಯುತ್ತಿದ್ದ ಬ್ರೀದರ್ ಪೈಪು ಈಗ ಎಲ್ಲಿದೆ? ಅದರ ಬಾಯಿ ಮುಚ್ಚಬಾರದು, ಬಯಲಿಗೆ ಬಿಟ್ಟು ಧೂಳು ಎಳೆದುಕೊಳ್ಳಲೂ ಬಿಡಬಾರದು. ತುದಿಗೊಂದು ಚಿಕ್ಕ ಫಿಲ್ಟರ್ ಬೇಕು.

ಇಂಜೆಕ್ಷನ್ ಬೈಕಾದರೆ ಇಸಿಯು (ಪೆಟ್ರೋಲ್ ಅಳೆದು ಬಿಡುವ ಕಂಪ್ಯೂಟರ್) ತಾನೇ ಹೊಂದಿಸಿಕೊಳ್ಳುತ್ತದೆಯಲ್ಲವೇ ಎಂದೂ ಒಂದು ಸಾಲು ಕೇಳಿದ್ದೀರಿ. ಅರೆಬರೆ ಮಾತ್ರ. ಆಕ್ಸಿಜನ್ ಸೆನ್ಸರ್‌ನ ಮಾತನ್ನು ಇಸಿಯು ಕೇಳುವುದು ಒಂದೇ ಹದದಲ್ಲಿ ನಿಧಾನ ಓಡಿಸುವಾಗ. ಜೋರಾಗಿ ಆಕ್ಸಿಲರೇಟರ್ ಕೊಟ್ಟಾಗ ಅದು ತನ್ನಲ್ಲಿರುವ ಪಟ್ಟಿಯನ್ನೇ ನೋಡಿ ಪೆಟ್ರೋಲ್ ಬಿಡುತ್ತದೆ. ಆ ಪಟ್ಟಿಗೆ ನಿಮ್ಮ ಹೊಸ ಫಿಲ್ಟರ್ ಗೊತ್ತಿಲ್ಲ. ಅಲ್ಲಿ ಮಿಶ್ರಣವನ್ನು ನಿಖರವಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ, ಡೈನೋ (ನಿಂತಲ್ಲೇ ಗಾಡಿ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಓಡಿಸಿ ಆ ಪಟ್ಟಿಯನ್ನು, ಅಂದರೆ ಮ್ಯಾಪನ್ನು, ತಿದ್ದಿಸಬೇಕು.

ಏನೂ ಬದಲಿಸದ ಸ್ಟಾಕ್ ಎಂಜಿನ್‌ನಲ್ಲಿ ಫಿಲ್ಟರ್ ಒಂದರಿಂದಲೇ ಸಿಗುವ ಶಕ್ತಿ ಬಹಳ ಕಡಿಮೆ. ನನ್ನ ಗಾಡಿಗೆ ಕೊನೆಗೆ ಬಾಕ್ಸ್ ವಾಪಸ್ ಬಂತು, ಒಳಗೆ ಎಣ್ಣೆ ಹಾಕುವ ಕಾಟನ್ ಫಿಲ್ಟರ್, ಮೇನ್ ಜೆಟ್ ಹಳೆಯದಕ್ಕಿಂತ ಒಂದೇ ಸೈಜು ದೊಡ್ಡದು, ನೀಡಲ್ ಒಂದು ಕಚ್ಚು ಮೇಲಕ್ಕೆ. ಅರ್ಧ ಆಕ್ಸಿಲರೇಟರ್‌ನಲ್ಲಿ ಏರು ಹತ್ತುವಾಗ ಈಗ ಗಾಡಿ ಒಂದೇ ಎಳೆತದಲ್ಲಿ ಹೋಗುತ್ತದೆ. ನಿಮ್ಮ ಕಾರ್ಬುರೇಟರ್ ಯಾವ ಬಗೆಯದು, ಈಗ ಯಾವ ಜೆಟ್ ಇದೆ, ಪ್ಲಗ್ ಬಣ್ಣ ಹೇಗಿದೆ ಎಂದು ತಿಳಿಸಿದರೆ ಮುಂದಿನ ಹೆಜ್ಜೆ ಇನ್ನೂ ನಿಖರವಾಗಿ ಹೇಳುತ್ತೇನೆ.