ಆ ನಾಲ್ಕು ಪುಟದ ಬಾಯಿಪಾಠ ಮೊದಲು ನಿಲ್ಲಿಸಿ

ಅಕ್ಕ, ಮಗಳು ಶನಿವಾರ ಕೊಪ್ಪಳಕ್ಕೆ ಮೊದಲ ಚರ್ಚಾ ಸ್ಪರ್ಧೆಗೆ ಹೋಗುತ್ತಿದ್ದಾಳೆ, ತುಂಗಭದ್ರೆಯ ಹೆಚ್ಚುವರಿ ನೀರು ಹಿಡಿಯಲು ಕಟ್ಟಬೇಕೆಂದಿರುವ ನವಲಿ ಸಮತೋಲನ ಜಲಾಶಯದ ಪರವಾಗಿ ನಾಲ್ಕು ಪುಟ ಬಾಯಿಪಾಠ ಮಾಡುತ್ತಿದ್ದಾಳೆ, ಇನ್ನೇನು ಮಾಡಿಸಲಿ ಎಂದು ಕೇಳಿದ್ದೀರಿ. ಏನೂ ಬೇಡ, ಬಾಯಿಪಾಠ ಬಿಡಿಸಿ. ಹೀಗೇ ಅರೆದು ಕುಡಿಸಿ ನಾನೊಬ್ಬ ಹುಡುಗನನ್ನು ಕಳಿಸಿದ್ದೆ. ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 133ರಿಂದ 105 ಟಿಎಂಸಿಗೆ ಇಳಿದ ಲೆಕ್ಕವನ್ನು ಅವನಿಗಿಂತ ಮೊದಲಿನವರೆಲ್ಲ ಹೇಳಿಬಿಟ್ಟಿದ್ದರು. ಇವನೂ ಅದನ್ನೇ ಶುರು ಮಾಡಿದ, ಹಿಂದಿನ ಬೆಂಚಿನವರು ಕಿಸಕ್ಕೆಂದರು, ಸಾಲು ತಪ್ಪಿತು. ಮುಂದಕ್ಕೆ ಹೋಗಲು ದಾರಿ ಕಾಣದೆ ಮತ್ತೆ ‘ಮಾನ್ಯ ತೀರ್ಪುಗಾರರೇ’ ಎಂಬಲ್ಲಿಂದ ಆರಂಭಿಸಿದ. ಅಷ್ಟರಲ್ಲಿ ಸಮಯ ಮುಗಿಯುತ್ತಿದೆ ಎಂಬ ಮೊದಲ ಗಂಟೆ.

ಬಾಯಿಪಾಠದ ಬದಲು ಅಂಶಗಳನ್ನು ಬರೆದುಕೊಳ್ಳಲು ಮದುವೆ ಕರೆಯೋಲೆಗಳ ಖಾಲಿ ಬದಿ ಕತ್ತರಿಸಿಕೊಳ್ಳಿ. ನೋಟ್‌ಬುಕ್ ಹಾಳೆ ಫ್ಯಾನಿನ ಗಾಳಿಗೆ ಹಾರುತ್ತದೆ, ಕೈ ನಡುಗಿದರೆ ಸದ್ದೂ ಮಾಡುತ್ತದೆ. ರೆನಾಲ್ಡ್ಸ್ ಬಾಲ್ ಪೆನ್ ಸಾಕು, ಜೆಲ್ ಪೆನ್ ನಮ್ಮೂರ ಬೆವರಿಗೆ ಕಲೆಸಿಹೋಗುತ್ತದೆ. ಎಡಗಡೆ ಎದುರಾಳಿ ಹೇಳಬಹುದಾದ ಮಾತು, ಬಲಗಡೆ ಅದಕ್ಕೆ ಉತ್ತರ. ‘2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು, ಇರುವ ಅಣೆಕಟ್ಟನ್ನೇ ಕಾಯಲಾಗದವರಿಗೆ ಹೊಸದೇಕೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಗೇಟು ದುರಸ್ತಿ ಬೇರೆ, ಮಳೆಗಾಲದಲ್ಲಿ ಹರಿದುಹೋಗುವ ನೀರನ್ನು ಹಿಡಿಯುವುದು ಬೇರೆ ಎಂದು ಅವಳು ತನ್ನದೇ ಮಾತಿನಲ್ಲಿ ಹೇಳಲಿ. ಜಮೀನು ಮುಳುಗಡೆ, ಆಂಧ್ರ ಮತ್ತು ತೆಲಂಗಾಣದ ಒಪ್ಪಿಗೆ, ಇವೆರಡಕ್ಕೂ ಉತ್ತರ ಬೇಕು. ಕೆಳಗೆ ಎರಡು ಸಾಲು ಖಾಲಿ ಬಿಡಿ, ಅಲ್ಲಿ ಕೇಳಿದ್ದನ್ನು ಕೇಳಿದಂತೆಯೇ ಬರೆದುಕೊಳ್ಳಲಿ. ‘ವಿರೋಧ ಮಂಡಿಸಿದವರು ಹೀಗೆಂದರು’ ಎಂದು ಅವರ ಮಾತನ್ನೇ ಎತ್ತಿ ಖಂಡಿಸಿದರೆ ತೀರ್ಪುಗಾರರು ತಲೆಯೆತ್ತಿ ನೋಡುತ್ತಾರೆ. ಆದರೆ ಹೆಸರು ಹಿಡಿದು ಅಣಕಿಸಿದರೆ ಅಂಕ ಹೋಗುತ್ತದೆ.

ಮಾತಾಡುವ ಸರದಿಯ ಚೀಟಿಯಲ್ಲಿ ಒಂದನೇ ಸಂಖ್ಯೆ ಬಂದರೆ ಖಂಡಿಸಲು ಎದುರಿಗೆ ಯಾರೂ ಇರುವುದಿಲ್ಲ, ಆಗ ಬರಬಹುದಾದ ಆಕ್ಷೇಪವನ್ನು ತಾನೇ ಎತ್ತಿಕೊಳ್ಳಬೇಕು. ಕೊನೆಯದು ಬಂದರೆ ಸವೆದ ಅಂಶಗಳನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಲಿ. ಕೆಲವು ಕಡೆ ಪರವೋ ವಿರೋಧವೋ ಎಂಬುದನ್ನೂ ಅಲ್ಲೇ ಚೀಟಿ ಎತ್ತಿಸಿ ತಿಳಿಸುತ್ತಾರೆ. ಸುತ್ತೋಲೆಯನ್ನು ಪೂರ್ತಿ ಓದಿದ್ದೀರಾ? ಯಾರೂ ಓದುವುದಿಲ್ಲ, ಆಮೇಲೆ ಇಲ್ಲಿ ಬಂದು ಕೇಳುತ್ತಾರೆ. ಮೊಬೈಲಿನಿಂದ ಬರೆಸಿಕೊಂಡ ಭಾಷಣವಂತೂ ಬೇಡವೇ ಬೇಡ, ಒಂದೇ ವೇದಿಕೆಯಲ್ಲಿ ಇಬ್ಬರ ಬಾಯಲ್ಲಿ ಒಂದೇ ಪೀಠಿಕೆ ಬಂದದ್ದನ್ನು ಕೇಳಿದ್ದೇನೆ. ವೇದಿಕೆಯ ಮೇಲಿನವರಿಗೆಲ್ಲ ನಮಸ್ಕಾರ ಹೇಳುತ್ತಾ ಅರ್ಧ ನಿಮಿಷ ಕಳೆಯುವ ಚಾಳಿಯೂ ಬೇಡ, ‘ಎಲ್ಲರಿಗೂ ನಮಸ್ಕಾರ’ ಸಾಕು.

ಮೈಕು ದೊಡ್ಡವರ ಎತ್ತರಕ್ಕೆ ಇರುತ್ತದೆ. ಅದನ್ನು ತಗ್ಗಿಸಿಕೊಂಡೇ ಬಾಯಿ ತೆರೆಯಲಿ, ಆ ಹೊತ್ತನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾತು ಮುಗಿದ ಮೇಲೆ ತಿನ್ನಲಿ, ಮೊದಲೇ ತಿಂದರೆ ಗಂಟಲು ಕಟ್ಟುತ್ತದೆ. ಅತಿಥಿಗಳು ಬರುವುದು ತಡ, ಬಹುಮಾನ ವಿತರಣೆ ಇನ್ನೂ ತಡ. ಮುಖ್ಯಗುರುಗಳ ಸಹಿ ಮಾಡಿಸಿದ ಪತ್ರ ಚೀಲದಲ್ಲಿರಲಿ. ವಾಪಸು ಬರುವ ಕೊನೆಯ ಬಸ್ಸಿನ ಸಮಯವನ್ನು ಹೋದ ತಕ್ಷಣ ನಿಲ್ದಾಣದಲ್ಲೇ ಕೇಳಿಟ್ಟುಕೊಳ್ಳಿ.