ಮನೆಕೂಟದಲ್ಲಿ ಹೇಳಿದ ಮಾತು ಗದಗ ಮುಟ್ಟಿತು

ಅಕ್ಕಾ, ನನಗೆ 36 ವರ್ಷ. ಹುಬ್ಬಳ್ಳಿಯವಳು. ನಮ್ಮದು ಹಳೆಯ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ) ಕುಟುಂಬ, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಮೂರು ವರ್ಷದಿಂದ ನಮ್ಮ ಓಣಿಯ ಮನೆಕೂಟಕ್ಕೆ ಹೋಗುತ್ತಿದ್ದೇನೆ. ಪ್ರತಿ ಶುಕ್ರವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಹದಿನಾಲ್ಕು ಜನ ಸೇರುತ್ತೇವೆ. ನನ್ನ ತಾಯಿ ತೀರಿಕೊಂಡಾಗ ಒಂದು ವಾರ ನಮ್ಮ ಮನೆಗೆ ಊಟ ತಂದುಕೊಟ್ಟವರು ಇವರೇ. ಎರಡು ತಿಂಗಳ ಹಿಂದೆ ‘ಪ್ರಾರ್ಥನೆ ವಿಷಯ ಏನಾದರೂ ಇದೆಯಾ’ ಅಂತ ಕೇಳಿದಾಗ ಅಳು ತಡೆಯಲಾಗದೆ, ನನ್ನ ಗಂಡ ಮಾಡಿಕೊಂಡಿರುವ ಕೈಸಾಲದ ವಿಷಯ ಹೇಳಿಬಿಟ್ಟೆ. ಹದಿನೈದು ದಿನದಲ್ಲಿ ಅದು ಗದಗಿನಲ್ಲಿರುವ ನಾದಿನಿಗೆ ಮುಟ್ಟಿತು. ಹೇಳಿದ್ದು ಯಾರು ಅಂತ ಕೇಳಿದೆ. ಕೂಟದ ಹಿರಿಯ ಅಕ್ಕ ಒಬ್ಬರ ಹೆಸರು ಹೇಳಿದಳು. ಗಂಡ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಅತ್ತೆಯವರು ‘ಭಾನುವಾರದ ಆರಾಧನೆ ಸಾಕು, ಮನೆಕೂಟ ಎಲ್ಲ ಹೊಸ ಸಭೆಗಳವರ ಶೋಕಿ, ಬಾಸೆಲ್ ಮಿಶನ್‌ನವರಿಗೆ ಯಾಕೆ’ ಅನ್ನುತ್ತಾರೆ. ಮುಂದಿನ ತಿಂಗಳು ಕೂಟ ನಮ್ಮ ಮನೆಯಲ್ಲಿ. ಬಿಟ್ಟುಬಿಡಲೇ?
– ಓದುಗರೊಬ್ಬರು, ಹುಬ್ಬಳ್ಳಿ

ಬಿಡಬೇಡಿ ತಂಗಿ. ಆದರೆ ಈ ಶುಕ್ರವಾರ ಹೋಗಲೂಬೇಡಿ. ಅದಕ್ಕೆ ಮುಂಚೆ ಎರಡು ಮಾತುಕತೆ ಬಾಕಿ ಇವೆ. ಒಂದು ನಿಮ್ಮ ಮನೆಯೊಳಗೆ, ಇನ್ನೊಂದು ಆ ಅಕ್ಕನ ಮನೆಯಲ್ಲಿ.

ಮೊದಲು ನಿಮ್ಮ ಮನೆಯದು. ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ಎಲ್ಲರ ತಪ್ಪೂ ಇದೆ, ನಿಮ್ಮದೊಂದು ಬಿಟ್ಟು. ಸಾಲ ಇಬ್ಬರ ಸಂಸಾರದ್ದು, ನಿಜ. ಅದರ ನಾಚಿಕೆ ಮಾತ್ರ ನಿಮ್ಮ ಯಜಮಾನರದು. ಅದನ್ನು ಹದಿನಾಲ್ಕು ಜನರ ಮುಂದೆ ಇಡುವ ಮೊದಲು ಅವರನ್ನೊಂದು ಮಾತು ಕೇಳಬೇಕಿತ್ತು, ಅಲ್ವಾ? ಅಳು ನುಗ್ಗಿ ಬಂದ ಹೊತ್ತಲ್ಲಿ ಅದೆಲ್ಲ ಹೊಳೆಯುವುದಿಲ್ಲ, ಗೊತ್ತು. ಆದರೂ ‘ನಿಮ್ಮನ್ನು ಕೇಳದೆ ಹೇಳಿದ್ದು ತಪ್ಪಾಯ್ತು’ ಅನ್ನಿ. ಅಲ್ಲಿಗೆ ನಿಲ್ಲಿಸಿ. ‘ತಪ್ಪಾಯ್ತು, ಆದರೆ ನೀವು ಸಾಲ ಮಾಡಿದ್ದಕ್ಕೇ ತಾನೇ’ ಅಂತ ಮುಂದುವರಿಸಿದಿರೋ, ಕೇಳಿದ ಕ್ಷಮೆ ಅಲ್ಲೇ ಮುಗಿಯಿತು. ಸಾಲದ ಲೆಕ್ಕಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಅವತ್ತು ಇಬ್ಬರೂ ಕೂತು, ಯಾರಿಗೆ ಎಷ್ಟು, ಬಡ್ಡಿ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಕೂಟದವರ ಹತ್ತಿರ ಮಾತ್ರ ಒಂದು ರೂಪಾಯಿಯೂ ಕೇಳಬೇಡಿ. ಪ್ರಾರ್ಥನೆ ಮಾಡುವವರಿಗೇ ಸಾಲಗಾರರಾದರೆ ‘ಆಮೆನ್’ ಅನ್ನುವಾಗಲೂ ತಲೆ ಎತ್ತಲಾಗುವುದಿಲ್ಲ.

(ಇದು ಸಾಲದ ವಿಷಯವಾದ್ದರಿಂದ ಹೀಗೆ ಹೇಳುತ್ತಿದ್ದೇನೆ. ಹೊಡೆತ ಬಡಿತದ ವಿಷಯವಾಗಿದ್ದರೆ ಗಂಡನನ್ನು ಕೇಳಿ ಹೇಳಿ ಅನ್ನುತ್ತಿರಲಿಲ್ಲ. ಯಾರಿಗಾದರೂ ಹೇಳಿ, ಬೇಗ ಹೇಳಿ ಅನ್ನುತ್ತಿದ್ದೆ.)

ಈಗ ಆ ಅಕ್ಕನ ಮಾತು. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಕಾರಣ ಇದೆ. ಬಹಳ ವರ್ಷದ ಹಿಂದೆ ನಮ್ಮ ಕೂಟದಲ್ಲಿ ಒಬ್ಬ ತಾಯಿ ತನ್ನ ಮಗನ ವಿಷಯ ಹೇಳಿಕೊಂಡಿದ್ದರು. ನಾನು ಮರುದಿನವೇ ಇನ್ನೊಬ್ಬರಿಗೆ ಫೋನ್ ಮಾಡಿ ‘ಪಾಪ, ಅವರಿಗೋಸ್ಕರ ಪ್ರಾರ್ಥನೆ ಮಾಡಿ’ ಅಂದೆ. ಆಮೇಲೆ ಇಪ್ಪತ್ತು ನಿಮಿಷ ಮಾತಾಡಿದೆ. ಅದರಲ್ಲಿ ಪ್ರಾರ್ಥನೆ ಎಷ್ಟಿತ್ತು, ಚಾಡಿ ಎಷ್ಟಿತ್ತು ಅಂತ ಇವತ್ತು ಕೇಳಿದರೆ ಹೇಳಲು ನಾಚಿಕೆ. ಚಾಡಿ ಹೇಳುತ್ತಿದ್ದೇನೆ ಅಂತ ಒಂದು ಸಲವೂ ಅನ್ನಿಸಲಿಲ್ಲ ನೋಡಿ! ಭಕ್ತಿಯ ಸೆರಗು ಹೊದ್ದ ಚಾಡಿಗೆ ತನ್ನ ಮುಖ ತನಗೇ ಕಾಣುವುದಿಲ್ಲ. ನಿಮ್ಮ ಅಕ್ಕನದೂ ಹಾಗೇ ಆಗಿರಬಹುದು. ಹುಬ್ಬಳ್ಳಿ, ಧಾರವಾಡ, ಗದಗ, ಬೆಟಗೇರಿ ಕಡೆಯ ಹಳೆಯ ಸಭೆಗಳಲ್ಲಿ ಎಲ್ಲರೂ ಎಲ್ಲರಿಗೂ ಬೀಗರು. ಒಂದು ಫೋನ್ ಸಾಕು. ನಾದಿನಿಯ ಬಾಯಲ್ಲಿ ಕೇಳಿದ್ದೂ ಪೂರ್ತಿ ಸತ್ಯವೇ ಅಂತ ಹಿಡಿದು ಕೂರಬೇಡಿ.

ಹಾಗಂತ ಸುಮ್ಮನಿರಿ ಅನ್ನುತ್ತಿಲ್ಲ. ಮನೆಕೂಟಗಳಲ್ಲಿ ಒಂದು ವಾಕ್ಯ ತಪ್ಪದೆ ಕೇಳುತ್ತೇವೆ. ಇಬ್ಬರು ಮೂವರು ಯೇಸುವಿನ ಹೆಸರಲ್ಲಿ ಕೂಡಿದರೆ ಆತನೂ ಅವರ ನಡುವೆ ಇರುತ್ತಾನೆ ಅನ್ನುವ ಮಾತು. ಮಳೆ ಬಂದು ನಾಲ್ಕೇ ಜನ ಸೇರಿದ ದಿನ ಅದನ್ನು ಸಮಾಧಾನಕ್ಕೆ ಓದುವುದೂ ಉಂಟು. ಅದು ಮತ್ತಾಯ 18ನೇ ಅಧ್ಯಾಯದ 20ನೇ ವಚನ. ಸತ್ಯವೇದ (ಬೈಬಲ್) ತೆಗೆದು ಐದು ವಚನ ಹಿಂದಕ್ಕೆ ಹೋಗಿ. ಅಲ್ಲಿ ವಿಷಯ ಶುರುವಾಗುವುದೇ ಸಹೋದರ ನಿನಗೆ ತಪ್ಪು ಮಾಡಿದರೆ ಏನು ಮಾಡಬೇಕು ಅಂತ. ಮೊದಲು ನೀನೊಬ್ಬನೇ ಹೋಗಿ, ಇಬ್ಬರೇ ಇರುವಾಗ ಹೇಳು. ಕೇಳದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಆ ‘ಇಬ್ಬರು ಮೂವರು’ ಬರುವುದು ಇದಾದ ಮೇಲೆ. ನಾವು ಜನ ಕಡಿಮೆ ಬಂದಾಗ ನೆನಪಿಸಿಕೊಳ್ಳುವ ವಚನ, ಮನಸ್ಸು ಮುರಿದಾಗ ನೆನಪಿಗೇ ಬರುವುದಿಲ್ಲ. ಅದರ ಬೆನ್ನಿಗೇ ಯೇಸುವಿನ ಶಿಷ್ಯ ಪೇತ್ರನ ಪ್ರಶ್ನೆ ಇದೆ, ಎಷ್ಟು ಸಲ ಕ್ಷಮಿಸಬೇಕು ಅಂತ. ಪಾಪ, ಅವನಿಗೂ ಯಾರೋ ಚೆನ್ನಾಗಿ ಕಾಟ ಕೊಟ್ಟಿರಬೇಕು.

ಆದ್ದರಿಂದ ನೀವೊಬ್ಬರೇ ಹೋಗಿ. ಫೋನಿನಲ್ಲಿ ಬೇಡ, ವಾಟ್ಸಾಪಿನಲ್ಲಂತೂ ಬೇಡವೇ ಬೇಡ. ‘ಅಕ್ಕಾ, ಕೂಟದಲ್ಲಿ ನಾನು ಹೇಳಿದ್ದು ಗದಗಿಗೆ ಹೋಗಿದೆ. ನಿಮ್ಮಿಂದ ಹೋಯ್ತು ಅಂತ ಕೇಳಿದೆ. ನಮ್ಮ ಮನೆಯಲ್ಲಿ ತುಂಬಾ ಕಷ್ಟವಾಯ್ತು’ ಅನ್ನಿ. ಇಷ್ಟೇ ಸಾಕು. ಅವರು ಅತ್ತರೆ ನೀರು ಕೊಡಿ. ‘ನಾನಲ್ಲ’ ಅಂದರೆ ವಾದಕ್ಕೆ ಇಳಿಯಬೇಡಿ, ಎದ್ದು ಬನ್ನಿ. ಆಮೇಲೆ ಕೂಟ ನಡೆಸುವವರಲ್ಲಿ ನಿಮಗೆ ನಂಬಿಕೆ ಇರುವ ಒಬ್ಬರನ್ನು ಕರೆದುಕೊಂಡು ಇನ್ನೊಮ್ಮೆ ಹೋಗಿ. ಸಭಾಪಾಲಕರ ತನಕ ಹೋಗುವುದು ಕೊನೆಗೆ.

ಮುಖಾಮುಖಿ ಕೂರುವುದಕ್ಕೆ ನಾನು ಯಾಕಿಷ್ಟು ಒತ್ತು ಕೊಡುತ್ತೇನೆ ಅಂದರೆ, ಮೆಥೊಡಿಸ್ಟರ (ಜಾನ್ ವೆಸ್ಲಿ ಅನ್ನುವ ಬೋಧಕರು ಶುರು ಮಾಡಿದ ಕ್ರೈಸ್ತ ಪಂಗಡದವರ) ಸಣ್ಣ ಗುಂಪುಗಳು ಒಂದೆಡೆ ಸೇರಲು ಶುರು ಮಾಡಿದ್ದಕ್ಕೆ ಅದೂ ಒಂದು ಕಾರಣ. ತಮಾಷೆ ನೋಡಿ, ಅವರ ಕಥೆಯೂ ಸಾಲದಿಂದಲೇ ಶುರು. 1742ರ ಫೆಬ್ರವರಿ, ಇಂಗ್ಲೆಂಡಿನ ಬ್ರಿಸ್ಟಲ್. ಜಾನ್ ವೆಸ್ಲಿಯವರ ಜನ ಕಟ್ಟಡದ ಸಾಲ ತೀರಿಸಬೇಕಿತ್ತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಅಂತ ಒಬ್ಬರು ಹೇಳಿದರು. ಬಡವರು ಎಲ್ಲಿಂದ ಕೊಡಬೇಕು ಅಂತ ಇನ್ನೊಬ್ಬರು ಕೇಳಿದರು. ಆಗ ಮೊದಲಿನವರೇ, ‘ತೀರಾ ಬಡವರಾದ ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ಕೊಡಲಾಗದವರ ಪಾಲು ನಾನೇ ಹಾಕುತ್ತೇನೆ’ ಅಂದರು. ಹೀಗೆ ಹನ್ನೆರಡು ಹನ್ನೆರಡು ಜನರ ಗುಂಪಾಯಿತು.

ಕಾಸು ಕೇಳಲು ಮನೆಮನೆಗೆ ಹೋದವರಿಗೆ ಬೇರೆಯದೇ ಕಂಡಿತು. ಒಂದು ಮನೆಯಲ್ಲಿ ಗಂಡ ಹೆಂಡತಿ ಜಗಳ. ಇನ್ನೊಂದು ಕಡೆ ಮನುಷ್ಯ ಕುಡಿದಿದ್ದಾನೆ. ವೆಸ್ಲಿಯವರಿಗೆ ಆಗ ಹೊಳೆಯಿತು, ನಮಗೆ ಬೇಕಿದ್ದದ್ದು ಇದೇ ಅಂತ. ಆದರೆ ಮನೆಮನೆ ತಿರುಗುವುದರಲ್ಲಿ ತೊಡಕಿತ್ತು. ಒಬ್ಬರು ಹೌದು ಅಂದದ್ದನ್ನು ಇನ್ನೊಬ್ಬರು ಇಲ್ಲ ಅನ್ನುತ್ತಿದ್ದರು. ನೆಂಟರ ನಡುವೆ, ಅಕ್ಕಪಕ್ಕದವರ ನಡುವೆ ಸಣ್ಣಪುಟ್ಟ ಮನಸ್ತಾಪ ಬೆಳೆಯುತ್ತಿತ್ತು. ಎಲ್ಲರನ್ನೂ ಎದುರುಬದುರು ಕೂರಿಸದೆ ಅದು ಬಗೆಹರಿಯುತ್ತಿರಲಿಲ್ಲ. ಹಾಗಾಗಿ ವಾರಕ್ಕೊಮ್ಮೆ ಎಲ್ಲರೂ ಒಂದೇ ಕಡೆ ಸೇರಲಿ ಅಂತಾಯಿತು. ನಿಮಗೆ ಆದದ್ದು ಅವರಿಗೂ ಆಗಿತ್ತು ಅಂತ ಕಾಣುತ್ತದೆ.

ಅವರ ಇನ್ನೊಂದು ಪದ್ಧತಿ ನಿಮಗೆ ಇನ್ನೂ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಈ ಹನ್ನೆರಡರ ಗುಂಪಿಗೂ ಮುಂಚೆ ‘ಬ್ಯಾಂಡ್’ ಅಂತ ಇನ್ನೂ ಸಣ್ಣ ಕೂಟಗಳಿದ್ದವು. ವೆಸ್ಲಿ 1738ರಲ್ಲೇ ಅದಕ್ಕೆ ನಿಯಮ ಬರೆದಿದ್ದರು. ಗಂಡಸರದು ಬೇರೆ, ಹೆಂಗಸರದು ಬೇರೆ. ಮದುವೆಯಾದವರದು ಬೇರೆ, ಆಗದವರದು ಬೇರೆ. ಒಳಗಿನ ಪಾಪ, ಸೋಲು, ಭಯ ಹೇಳಿಕೊಳ್ಳುವುದು ಅಲ್ಲಿ. ಒಬ್ಬರಿಗೊಬ್ಬರು ತಪ್ಪು ಒಪ್ಪಿಕೊಂಡು ಪ್ರಾರ್ಥಿಸಿ ಅನ್ನುವ, ಸತ್ಯವೇದದ ಯಾಕೋಬನ ಪತ್ರಿಕೆಯ ಮಾತನ್ನು ಅವರು ಹಾಗೆ ಪಾಲಿಸಿದರು. ನಾವು ಎಲ್ಲವನ್ನೂ ಒಂದೇ ಚಾಪೆಯ ಮೇಲೆ ಸುರಿಯುತ್ತೇವೆ. ಪರೀಕ್ಷೆ, ಮಂಡಿನೋವು, ಗಂಡನ ಸಾಲ, ಎಲ್ಲ. ಹದಿನಾಲ್ಕು ಜನರಲ್ಲಿ ಒಬ್ಬರ ಬಾಯಿ ಸಡಿಲ ಇದ್ದೇ ಇರುತ್ತದೆ. ಅದು ಲೆಕ್ಕ, ಪಾಪವಲ್ಲ. ಕೂಟದಲ್ಲಿ ‘ಮನೆಯ ಒಂದು ಕಷ್ಟಕ್ಕಾಗಿ ಪ್ರಾರ್ಥಿಸಿ’ ಅಂದರೆ ಸಾಕು. ಪೂರ್ತಿ ವಿಷಯ ಹೇಳಿಕೊಳ್ಳಲು ಇಬ್ಬರು ಹೆಂಗಸರನ್ನು ಆರಿಸಿಕೊಳ್ಳಿ. ನಿಮ್ಮ ಮನೆಗೆ ಊಟ ತಂದವರಲ್ಲಿ, ತಂದದ್ದನ್ನು ಎಲ್ಲೂ ಹೇಳಿಕೊಳ್ಳದವರು ಇರುತ್ತಾರೆ. ಅವರೇ ನಿಮ್ಮ ಇಬ್ಬರು.

ಇನ್ನು ಅತ್ತೆಯವರ ಮಾತು. ಹೊಸ ಸಭೆಗಳವರ ಶೋಕಿ ಅಂದರಲ್ಲ, ಅದು ಹಾಗಲ್ಲ. 1670ರಲ್ಲೇ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಫಿಲಿಪ್ ಯಾಕೋಬ್ ಸ್ಪೇನರ್ ಅನ್ನುವ ಸಭಾಪಾಲಕರು ತಮ್ಮ ಮನೆಯಲ್ಲಿ ಇಂಥ ಕೂಟ ಶುರು ಮಾಡಿದ್ದರು. ವ್ಯೂರ್ಟೆಂಬರ್ಗ್ ಸೀಮೆಯಲ್ಲಿ ಅದು ಬಲವಾಗಿ ಬೇರೂರಿತು. 1743ರಲ್ಲಿ ಅಲ್ಲಿನ ಸರ್ಕಾರವೇ ಮನೆಕೂಟಗಳಿಗೆ ಷರತ್ತಿನ ಅನುಮತಿ ಕೊಟ್ಟಿತು. ಬಾಸೆಲ್ ಮಿಶನ್ ಬೆಳೆದದ್ದು ಈ ಭಕ್ತಿಯ ಮಣ್ಣಿನಲ್ಲೇ. 1834ರಲ್ಲಿ ಮಂಗಳೂರಿಗೆ, 1839ರ ಹೊತ್ತಿಗೆ ಹುಬ್ಬಳ್ಳಿಗೆ ಬಂದ ಮಿಶನ್ ಅದು. ಮೊದಲ ಕನ್ನಡ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಡಿಸಿದ, ಇದೇ ಮಿಶನ್‌ನ ಮೋಗ್ಲಿಂಗ್ ಅವರ ಊರು ಅದೇ ವ್ಯೂರ್ಟೆಂಬರ್ಗ್ ಸೀಮೆಯದು. ಆ ಕಡೆ ಕೂಟಕ್ಕೆ ಹೆಸರೇ ‘ಸ್ಟುಂಡೆ’, ಅಂದರೆ ತಾಸು. ನಮ್ಮ ಕೂಟ ಮಾತ್ರ ಒಂದು ತಾಸಿಗೆ ಮುಗಿಯುವುದಿಲ್ಲ. ಸತ್ಯವೇದದಲ್ಲಿ ಅಪೊಸ್ತಲ ಪೌಲನ ಉಪದೇಶ ಮಧ್ಯರಾತ್ರಿ ತನಕ ನಡೆದು, ತೂಕಡಿಸಿದ ಯೂತಿಖ ಕಿಟಕಿಯಿಂದ ಬಿದ್ದ ಕಥೆ ನೆನಪಿದೆಯಲ್ಲ!

ಅತ್ತೆಯವರ ಜೊತೆ ಇದನ್ನು ಇಟ್ಟುಕೊಂಡು ವಾದ ಮಾಡಬೇಡಿ. ಅವರ ಸಿಟ್ಟು ಕೂಟದ ಮೇಲಲ್ಲ, ಮಗನ ಮರ್ಯಾದೆ ಹೋಯ್ತಲ್ಲ ಅನ್ನುವುದರ ಮೇಲೆ. ಭಾನುವಾರದ ಆರಾಧನೆ ದೊಡ್ಡದು, ಒಪ್ಪಿದೆ. ಆದರೆ ಅಲ್ಲಿ ನಾವು ಮುಂದಿನವರ ಬೆನ್ನು ನೋಡಿಕೊಂಡು ಕೂರುತ್ತೇವೆ. ನಿಮ್ಮ ತಾಯಿ ಹೋದ ವಾರ ನಿಮ್ಮ ಅಡುಗೆಮನೆಯ ಒಲೆ ಹಚ್ಚಿಲ್ಲ ಅಂತ ಗೊತ್ತಾದದ್ದು ಶುಕ್ರವಾರದವರಿಗೆ. ಮನೆಯೊಳಗೆ ಬರುವವರಿಗೆ ಮನೆಯ ಕಷ್ಟ ಕಾಣುತ್ತದೆ. ಊಟ ಬಂದದ್ದೂ ಮಾತು ಹೊರಗೆ ಹೋದದ್ದೂ ಅದೇ ಬಾಗಿಲಿನಿಂದ.

ಆ ಬಾಗಿಲಿಗೊಂದು ಚಿಲಕ ಬೇಕು, ಅಷ್ಟೆ. ಕೂಟ ನಡೆಸುವವರಿಗೆ ಹೇಳಿ, ಪ್ರಾರ್ಥನೆ ವಿಷಯಗಳನ್ನು ವಾಟ್ಸಾಪ್ ಗುಂಪಿಗೆ ಹಾಕುವುದನ್ನು ನಿಲ್ಲಿಸಲಿ. ‘ಇಲ್ಲಿ ಹೇಳಿದ್ದು ಇಲ್ಲೇ’ ಅಂತ ಪ್ರತಿ ಸಲ ಪ್ರಾರ್ಥನೆಗೆ ಮುಂಚೆ ಬಾಯಿಬಿಟ್ಟು ಹೇಳಲಿ. ಇನ್ನೊಬ್ಬರ ವಿಷಯ ತರುವವರನ್ನು ‘ಅವರನ್ನು ಕೇಳಿದ್ದೀರಾ’ ಅಂತ ಕೇಳಲಿ. ಈ ಕೊನೆಯದು ನಿಮಗೂ, ನನಗೂ.

ಮುಂದಿನ ತಿಂಗಳ ಕೂಟದ ಬಗ್ಗೆ ನೀವೊಬ್ಬರೇ ಈಗಲೇ ಯಾವ ಮಾತೂ ಕೊಡಬೇಡಿ. ಕ್ಷಮೆ ಕೇಳಿ ನಾಲ್ಕು ದಿನ ಆದ ಮೇಲೆ ಯಜಮಾನರನ್ನೇ ಕೇಳಿ. ‘ಬೇಡ’ ಅಂದರೆ ಈ ಸಲ ಬೇರೆಯವರ ಮನೆಯಲ್ಲಿ ಆಗಲಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ‘ಬರಲಿ ಬಿಡು’ ಅಂದರೆ ಹೆಚ್ಚು ತಿಂಡಿ ಮಾಡಲು ಹೋಗಬೇಡಿ, ಗಿರ್ಮಿಟ್ಟು ಚಹಾ ಸಾಕು. ಅವರು ಅವತ್ತು ಕೂಟದಲ್ಲಿ ಕೂರದೆ ಹೊರಗೆ ಕಟ್ಟೆಯ ಮೇಲೆ ಕೂತರೂ ಕರೆಯಬೇಡಿ. ಒಂದು ಲೋಟ ಚಹಾ ಅಲ್ಲಿಗೇ ಕೊಟ್ಟು ಬನ್ನಿ.